ಗುಂಪು ಆರರ ಗಾಳಿ

2021ರ ನವೆಂಬರ್ 4, ಗುರುವಾರ, ಬೆಳಿಗ್ಗೆ 8 ಗಂಟೆ 10 ನಿಮಿಷಕ್ಕೆ ಉಮಾವತಿ ನ್ಯೂವೆಗೈನ್ ಎಂಬ ಡಚ್ ಊರಿನ ಪ್ರಾಥಮಿಕ ಶಾಲೆಯೊಂದರ ಆರನೆಯ ಗುಂಪಿನ, ಅಂದರೆ ಒಂಬತ್ತು-ಹತ್ತು ವರ್ಷದ ಮಕ್ಕಳ ತರಗತಿಯ, ಕೋಣೆಗೆ ಕಾಲಿಟ್ಟಾಗ ಮಕ್ಕಳು ಇನ್ನೂ ಬಂದಿರಲಿಲ್ಲ. ಹಿಂದಿನ ಸಂಜೆ ನೆಲ ಒರೆಸಲು ಅನುಕೂಲವಾಗಲೆಂದು ಎತ್ತಿಟ್ಟಿದ್ದ ಕುರ್ಚಿಗಳು ಮೇಜುಗಳ ಮೇಲೆ ಕಾಲು ಮೇಲೆ ಮಾಡಿಕೊಂಡು ಕೂತಿದ್ದವು. ಅಂಗೈಯಗಲದ ಬಿಳಿ ಯಂತ್ರವೊಂದನ್ನು ಅವಳು ಪುಸ್ತಕದ ಕಪಾಟಿನ ಮೇಲಿಟ್ಟಳು. ನೆಲದಿಂದ ಒಂದೂವರೆ ಮೀಟರ್ ಎತ್ತರ, ಕಿಟಕಿಗೂ ಬಾಗಿಲಿಗೂ ದೂರ, ಯಾವ ಮಗುವಿನ ಮುಖಕ್ಕೂ ನೇರವಾಗಿರದ ಜಾಗ. ಟೇಪು ಹಿಡಿದು ಎರಡು ಸಲ ಅಳೆದಳು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂಬುದನ್ನು ಆ ಯಂತ್ರ ಹತ್ತು ಲಕ್ಷದಲ್ಲಿ ಇಷ್ಟು ಪಾಲು, ಅಂದರೆ ಪಿಪಿಎಂ ಲೆಕ್ಕದಲ್ಲಿ ತೋರಿಸುತ್ತಿತ್ತು. ಕೋಣೆ ಖಾಲಿಯಿದ್ದಾಗ 420.

ಅಂದು ದೀಪಾವಳಿ. ಎಣ್ಣೆಸ್ನಾನ ಮಾಡಿದ ಅವಳ ತಲೆಗೂದಲು ಇನ್ನೂ ಪೂರ್ತಿ ಒಣಗಿರಲಿಲ್ಲ. ರೈಸ್‌ವೈಕಿನ ಬಣ್ಣದ ಕಂಪನಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಉಮಾವತಿ ಹಬ್ಬಕ್ಕೆಂದು ರಜೆ ಹಾಕಿದ್ದಳು. ಆದ್ದರಿಂದಲೇ ಈ ಕೆಲಸ ಅವಳ ಪಾಲಿಗೆ ಬಂದಿತ್ತು. ಶಾಲೆಯ ಎಂ.ಆರ್. ಎಂಬ ಸಮಿತಿಯಲ್ಲಿ ನಾಲ್ವರು ಶಿಕ್ಷಕರು, ನಾಲ್ವರು ಪೋಷಕರು. ಹದಿನಾಲ್ಕು ಶಾಲೆಗಳನ್ನು ನಡೆಸುವ ಆಡಳಿತ ಮಂಡಳಿ ಹಣದ ವಿಚಾರದಲ್ಲಾಗಲಿ ಕಟ್ಟಡದ ವಿಚಾರದಲ್ಲಾಗಲಿ ಏನೇ ತೀರ್ಮಾನ ಮಾಡಲಿ, ಮೊದಲು ಇಂಥ ಸಮಿತಿಗಳ ಅಭಿಪ್ರಾಯ ಕೇಳಬೇಕು. ಕೊರೋನಾ ಬಂದ ಮೇಲೆ ತರಗತಿಗಳ ಗಾಳಿಯನ್ನು ಅಳೆಯಬೇಕಾಗಿ ಬಂದು, ಮಂಡಳಿ ಒಂದೇ ಯಂತ್ರವನ್ನು ಒಂದೊಂದು ಶಾಲೆಗೆ ಒಂದೊಂದು ದಿನ ಕಳಿಸುತ್ತಿತ್ತು. ಅತಿ ಹೆಚ್ಚು ಮಕ್ಕಳಿರುವ ಕೋಣೆಯೊಂದನ್ನು ಅಳೆದರೆ ಸಾಕು. ಈ ಶಾಲೆಯ ಸರದಿ ನವೆಂಬರ್ ನಾಲ್ಕಕ್ಕೆ ಬಂದಿತ್ತು. ಆ ದಿನ ಯಾರು ಬಿಡುವಾಗಿದ್ದೀರಿ ಎಂದು ಮುಖ್ಯ ಶಿಕ್ಷಕಿ ಕೇಳಿದಾಗ ಸಮಿತಿಯಲ್ಲಿ ಎದ್ದ ಕೈ ಒಂದೇ.

ಎಂಟೂವರೆಗೆ ಗಂಟೆ ಹೊಡೆಯುವ ಮೊದಲೇ ಅವಳು ಹೊರಗೆ ಬಂದು, ಓಣಿಯ ಕೊನೆಯಲ್ಲಿ ಕೋಟುಗಳನ್ನು ತೂಗುಹಾಕುವ ಮೂಲೆಯ ಬೆಂಚಿನ ಮೇಲೆ ಕೂತಳು. ಅಳೆಯುವವಳ ಉಸಿರು ಲೆಕ್ಕಕ್ಕೆ ಸೇರಬಾರದಲ್ಲ. ಹತ್ತೂ ಕಾಲಿಗೆ ಮಕ್ಕಳು ಆಟದ ಬಯಲಿಗೆ ಓಡಿದ ಕೂಡಲೇ ಒಳಗೆ ಹೋಗಿ ಯಂತ್ರದ ನೆನಪಿನಿಂದ ಅತಿ ಹೆಚ್ಚಿನ ಅಂಕಿಯನ್ನು ಬರೆದುಕೊಂಡಳು: 1,010. ಮಂಡಳಿ ಇಟ್ಟ ಮಿತಿ 1,200. ನಮೂನೆಯಲ್ಲಿ ಮಕ್ಕಳ ಸಂಖ್ಯೆಗೆ ಒಂದು ಅಂಕಣವಿತ್ತು. ಬಾಗಿಲಿಗೆ ಅಂಟಿಸಿದ್ದ ಪಟ್ಟಿಯಲ್ಲಿ ಇಪ್ಪತ್ತೇಳು ಹೆಸರು. ತನ್ನ ಮಗಳು ಗಾನವಿಯೂ ಅದೇ ಗುಂಪಿನವಳು, ಅಂದು ಮನೆಯಲ್ಲಿದ್ದಾಳೆ ಎಂಬುದು ನೆನಪಾಗಿ, ತನ್ನ ಎಚ್ಚರಕ್ಕೆ ತಾನೇ ಸಮಾಧಾನಪಟ್ಟುಕೊಂಡು, 26 ಎಂದು ಬರೆದು ಸಹಿ ಹಾಕಿದಳು. ಹನ್ನೊಂದಕ್ಕೆಲ್ಲ ಮನೆ ಸೇರಿ ಗಾನವಿಗೆ ಹೊಸ ಲಂಗ ಉಡಿಸಿದಳು.

ಇದಾದ ಮೇಲೆ ಎರಡು ತಿಂಗಳು ಆ ಅಂಕಿಯ ನೆನಪೇ ಅವಳಿಗೆ ಆಗಲಿಲ್ಲ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ರಜೆಗೆ ಒಂದು ವಾರ ಮೊದಲೇ ಶಾಲೆ ಮುಚ್ಚಿತು. ಜನವರಿ ಹತ್ತಕ್ಕೆ ಮತ್ತೆ ತೆರೆಯಿತು. ತೆರೆದ ಮೂರನೆಯ ದಿನ, ಬುಧವಾರ ಸಂಜೆ, ಎಂ.ಆರ್. ಸಭೆ ಕಂಪ್ಯೂಟರ್ ಪರದೆಯ ಮೇಲೆ ನಡೆಯಿತು. ಎಲ್ಲರ ಮುಖವೂ ಬಹಳ ದಿನ ಒಗೆಯದ ಪರದೆಯಂತೆ ಕಾಣುತ್ತಿತ್ತು. ಮುಖ್ಯ ಶಿಕ್ಷಕಿ ವಿಲ್ಲೆಮೈನ್ ಆ ವಾರ ಎರಡು ತರಗತಿಗಳಿಗೆ ತಾನೇ ಪಾಠ ಮಾಡುತ್ತಿದ್ದಳು. ಇಬ್ಬರು ಶಿಕ್ಷಕರು ಕಾಯಿಲೆಯಿಂದ ಮನೆಯಲ್ಲಿದ್ದರು.

ನಾಲ್ಕನೆಯ ವಿಷಯ, ಮಂಡಳಿಯ ಕಟ್ಟಡ ಪಟ್ಟಿ. ಗಾಳಿ ಬದಲಾಯಿಸುವ ಯಂತ್ರಗಳನ್ನು ಕೂಡಿಸಲು ಮಂಡಳಿಯ ಹತ್ತಿರ ನಾಲ್ಕು ಶಾಲೆಗೆ ಆಗುವಷ್ಟೇ ಹಣವಿತ್ತು. ಮಿತಿ ಮೀರಿದ ಶಾಲೆಗಳು ಮೂರು. ನಾಲ್ಕನೆಯ ಜಾಗವನ್ನು 1,150 ಬಂದ ಶಾಲೆಗೆ ಕೊಟ್ಟಿದ್ದರು. ಇವರ ಶಾಲೆ 1,010ರೊಂದಿಗೆ ಕೆಳಗಿನ ಸಾಲಿನಲ್ಲಿ, ‘ತೃಪ್ತಿಕರ’ ಎಂಬ ಹಸಿರು ಬಣ್ಣದಲ್ಲಿತ್ತು. ಮುಂದಿನ ಪಟ್ಟಿ 2024ಕ್ಕೆ. ಅಲ್ಲಿಯವರೆಗೆ ಕಿಟಕಿಗಳೇ ಗತಿ. ಒಪ್ಪಿಗೆ ಇರುವವರು ಕೈ ಎತ್ತಿ ಎಂದರು. ಎಂಟೂ ಕೈ ಎದ್ದವು. ಉಮಾವತಿಯದೂ.

ಏಳನೆಯ ವಿಷಯ ಓದಿನ ಫಲಿತಾಂಶ. ಆರನೆಯ ಗುಂಪು ಓದುವುದರಲ್ಲಿ ಎರಡು ವರ್ಷದಿಂದ ಇಳಿಮುಖವಾಗಿತ್ತು. ಮಾರ್ಚಿನಲ್ಲಿ ಸರಕಾರದ ತಪಾಸಣೆಯವರು ಬರುವವರಿದ್ದರು. ಮಕ್ಕಳು ಶಾಲೆ ತಪ್ಪಿಸಿದ್ದು ಇದಕ್ಕೆ ಕಾರಣವಲ್ಲ ಎಂದು ತೋರಿಸಲು ವಿಲ್ಲೆಮೈನ್ ಹಾಜರಿಯ ಕೋಷ್ಟಕವನ್ನು ಪರದೆಗೆ ತಂದಳು. ಅದನ್ನು ಆ ಮಧ್ಯಾಹ್ನವಷ್ಟೇ ಮುಗಿಸಿದ್ದಳಂತೆ, ಮೊದಲೇ ಕಳಿಸಲು ಆಗಲಿಲ್ಲ ಎಂದು ಕ್ಷಮೆ ಕೇಳಿದಳು. ಸೊನ್ನೆ, ಒಂದು, ಎರಡು, ಸೊನ್ನೆ. ನಡುವೆ ಒಂದು ಸಾಲು ಮಾತ್ರ ಎದ್ದು ಕಾಣುತ್ತಿತ್ತು. ನವೆಂಬರ್ 4, ಗುಂಪು ಆರು, ಗೈರುಹಾಜರಿ 11, ಅನುಮತಿ ಪಡೆದದ್ದು.

ಉಮಾವತಿ ಆ ಸಾಲನ್ನು ನೋಡಿದಳು. ಅರ್ಥ ಸ್ವಲ್ಪ ತಡವಾಗಿ ಹೊಳೆಯಿತು. ದೀಪಾವಳಿ ರಜೆ. ಕಳೆದ ಸೆಪ್ಟೆಂಬರಿನಲ್ಲಿ ಅದಕ್ಕಾಗಿ ಓಡಾಡಿದವಳು ಅವಳೇ. ಒಬ್ಬೊಬ್ಬರೂ ಬೇರೆ ಬೇರೆ ಅರ್ಜಿ ಹಾಕಿ, ಒಬ್ಬರಿಗೆ ಸಿಕ್ಕಿ ಇನ್ನೊಬ್ಬರಿಗೆ ಸಿಗದೆ ಮುಖ ಗಂಟಿಕ್ಕಿಕೊಳ್ಳುವುದು ಬೇಡವೆಂದು, ಶಾಲೆಯ ಅಷ್ಟೂ ಭಾರತೀಯ ಮನೆಗಳ ಹೆಸರು ಬರೆದು, ಧಾರ್ಮಿಕ ಹಬ್ಬಕ್ಕೆ ಒಂದು ದಿನ ಎಂಬ ನಿಯಮವನ್ನು ತೋರಿಸಿ, ಒಂದೇ ಅರ್ಜಿಯಲ್ಲಿ ಅನುಮತಿ ತಂದಿದ್ದಳು. ಹೊಸ ಬಡಾವಣೆಯ ಬೆಂಗಳೂರು, ಮೈಸೂರು, ಮಂಗಳೂರಿನವರೆಲ್ಲ ಹೆಚ್ಚುಕಡಿಮೆ ಒಂದೇ ವರ್ಷ ಬಂದವರು, ಅವರ ಮಕ್ಕಳೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಅದಕ್ಕೇ ಆರನೆಯ ಗುಂಪು ಅಷ್ಟು ದೊಡ್ಡದು. ಅದನ್ನು ಅಳತೆಗೆ ಆರಿಸಿದ್ದೂ ಅದಕ್ಕೇ.

ಹನ್ನೊಂದು ಮಕ್ಕಳಲ್ಲಿ ಅವಳು ತನ್ನ ಒಂದನ್ನು ಮಾತ್ರ ಕಳೆದಿದ್ದಳು.

ಈಗ ಆ ಕೋಣೆ ಕಣ್ಣೆದುರು ಬಂತು. ಹತ್ತೂ ಕಾಲಿಗೆ ಒಳಗೆ ಹೋದಾಗ ಕೆಲವು ಕುರ್ಚಿಗಳು ಇನ್ನೂ ಮೇಜುಗಳ ಮೇಲೆಯೇ ಇದ್ದವು. ಇಲ್ಲಿ ಪ್ರತಿ ಮಗುವೂ ಬೆಳಿಗ್ಗೆ ತನ್ನ ಕುರ್ಚಿಯನ್ನು ತಾನೇ ಇಳಿಸಿಕೊಳ್ಳಬೇಕು. ಬಾರದ ಮಗುವಿನ ಕುರ್ಚಿ ಮೇಲೆಯೇ ಉಳಿಯುತ್ತದೆ. ಅವು ಅವಳ ಕಣ್ಣಿಗೆ ಬಿದ್ದಿದ್ದವು, ಲಕ್ಷ್ಯಕ್ಕೆ ಬಿದ್ದಿರಲಿಲ್ಲ.

ಸಭೆ ಮುಂದಿನ ವಿಷಯಕ್ಕೆ ಹೋಯಿತು. ಮೈಕು ತೆರೆಯಬಹುದಿತ್ತು, ತೆರೆಯಲಿಲ್ಲ. ಸಭೆಯ ಉಳಿದ ಹೊತ್ತು ಕೈಗೆ ಸಿಕ್ಕಿದ ಲಕೋಟೆಯ ಹಿಂದೆ ಲೆಕ್ಕ ಹಾಕುತ್ತ ಕೂತಳು. ಹದಿನಾರು ಮಕ್ಕಳು, ಒಬ್ಬ ಶಿಕ್ಷಕಿ, ಹದಿನೇಳು ಜನರ ಉಸಿರಿಗೆ ಹೊರಗಿನ ಗಾಳಿಗಿಂತ 590 ಹೆಚ್ಚು. ಇಪ್ಪತ್ತೆಂಟು ಜನರಿಗೆ ಎಷ್ಟು? ಉತ್ತರ ಸುಮಾರು 1,390 ಎಂದು ಬಂತು. ಕೊಣಾಜೆಯಲ್ಲಿ ಎಂ.ಎಸ್ಸಿ. ಮಾಡುವಾಗ, ಯಾವ ಸ್ಥಿತಿಯಲ್ಲಿ ಅಳೆದೆ ಎಂದು ಬರೆಯದ ಅಂಕಿಯನ್ನು ಮೇಷ್ಟರು ಮುಖಕ್ಕೇ ಎಸೆಯುತ್ತಿದ್ದರು. ಅವಳು ಬರೆದಿದ್ದಳು, ತಪ್ಪಾಗಿ ಬರೆದಿದ್ದಳು.

ಗಂಡ ದಿವಾಕರ ಊಟದ ಮೇಜಿನ ಮೇಲೆ ಆಫೀಸಿನ ಲ್ಯಾಪ್‌ಟಾಪು ಮುಚ್ಚಿ ಎಲ್ಲವನ್ನೂ ಕೇಳಿಸಿಕೊಂಡ. ಉಡುಪಿಯ ಕಡೆಯವರಾದ ಅವರಿಬ್ಬರ ನಡುವೆ ತುಳುವೂ ಕನ್ನಡವೂ ಬೆರೆತೇ ನಡೆಯುತ್ತಿತ್ತು. ಸತ್ಯ ಹೇಳಿದರೆ ಏನಾಗುತ್ತದೆ ಎಂದು ಅವನು ಕೇಳಿದ. ಮಂಡಳಿಯ ನಿಯಮ ಸ್ಪಷ್ಟವಾಗಿತ್ತು. ಮಿತಿ ಮೀರಿದ ಕೋಣೆಯಲ್ಲಿ, ಗಾಳಿ ಬದಲಾಯಿಸುವ ಯಂತ್ರ ಬರುವವರೆಗೆ, ಅರ್ಧ ಮಕ್ಕಳು ಮಾತ್ರ ಕೂರಬೇಕು. ಒಂದು ದಿನ ಒಂದು ಅರ್ಧ, ಮರುದಿನ ಇನ್ನೊಂದು ಅರ್ಧ. ಪಟ್ಟಿಗೆ ಸೇರಿದರೂ ಯಂತ್ರ ಬರುವಾಗ ಮೇ ತಿಂಗಳು.

“ಅಂದ್ರೆ ಮೇವರೆಗೆ ಇವಳು ದಿನ ಬಿಟ್ಟು ದಿನ ಮನೆಯಲ್ಲಾ?”

“ಹೌದು.”

“ಹೇಳ್ದಿದ್ರೆ?”

“ಹೇಳ್ದಿದ್ರೆ ಎರಡು ವರ್ಷ ಅದೇ ಗಾಳಿ.”

ದಿವಾಕರ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ಅವನಿಗೂ ಅವಳಿಗೂ ಒಂದೇ ಚಿತ್ರ ಕಣ್ಣ ಮುಂದೆ ಬಂದಿರಬೇಕು. ಕಳೆದ ಚಳಿಗಾಲದಲ್ಲಿ ಶಾಲೆ ಮುಚ್ಚಿದ್ದ ವಾರಗಳು. ಇಸ್ತ್ರಿ ಮಾಡುವ ಮೇಜನ್ನೇ ಗಾನವಿಗೆ ಬರೆಯುವ ಮೇಜು ಮಾಡಿ, ಅವಳಿಗೆ ಭಾಗಾಕಾರ ಹೇಳಿಕೊಡುತ್ತ, ಒಂದು ಕಿವಿಯಲ್ಲಿ ಆಫೀಸಿನ ಸಭೆ ಕೇಳುತ್ತ, ಕೊನೆಗೆ ಮೂವರೂ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತಿದ್ದ ದಿನಗಳು. “ನೀನು ಹೇಳ್ದೆ ಇರುವವಳಲ್ಲ,” ಎಂದ ಅವನು, ಹೊಗಳಿಕೆಯೂ ಅಲ್ಲದ ದೂರೂ ಅಲ್ಲದ ದನಿಯಲ್ಲಿ. “ಆದ್ರೆ ನಾಗಮಣಿಗೆ ಮೊದಲು ಹೇಳು. ಮತ್ತೆ ಬೇರೆ ಯಾರಿಂದಾದ್ರೂ ಗೊತ್ತಾದ್ರೆ ಅವಳು ಬಿಡ್ಲಿಕ್ಕಿಲ್ಲ.”

ನಾಗಮಣಿ ಮೈಸೂರಿನವಳು, ಎದುರಿನ ಸಾಲಿನ ಮನೆ. ಮಗ ಸಾತ್ವಿಕ್ ಗಾನವಿಯ ಗುಂಪಿನವನೇ. ಮರುದಿನ ಸಂಜೆ ಇಬ್ಬರೂ ಕಾಲುವೆಯ ದಂಡೆಯಲ್ಲಿ ಮಾಸ್ಕು ಗದ್ದಕ್ಕಿಳಿಸಿಕೊಂಡು ನಡೆದರು. ಉಮಾವತಿ ಹೇಳಿ ಮುಗಿಸುವವರೆಗೂ ನಾಗಮಣಿ ನಡುವೆ ಬಾಯಿ ಹಾಕಲಿಲ್ಲ. ಅದು ಅವಳ ಸ್ವಭಾವವಲ್ಲ, ಆದ್ದರಿಂದ ಉಮಾವತಿಗೆ ಭಯವಾಯಿತು.

“ಮುಗೀತಾ?” ಎಂದಳು ನಾಗಮಣಿ. “ಈಗ ನನ್ ಮಾತು ಕೇಳು. ಯಾರಾದ್ರೂ ಬಂದು ನಿನ್ನ ಕೇಳಿದ್ರಾ? ಇಲ್ಲ ತಾನೆ? ಸುಮ್ನಿರು.”

“ಕೇಳಿದ್ರೆ ಹೇಳುವುದು ಬೇರೆ ಮಾರಾಯ್ತಿ.”

“ಏನ್ ಬೇರೆ? ನೋಡು, ನನ್ ಮ್ಯಾನೇಜರ್ ಹೋದ್ ತಿಂಗ್ಳು ನೇರವಾಗೇ ಹೇಳ್ದ, ಇನ್ನೊಂದ್ ಸಲ ಮಗು ಮನೇಲಿದೆ ಅಂದ್ರೆ ಕಷ್ಟ ಅಂತ. ಇಲ್ಲಿರೋಕೆ ನಮ್ ಪರ್ಮಿಟ್ ನನ್ ಕೆಲ್ಸದ ಮೇಲೆ ನಿಂತಿದೆ ಕಣೇ, ನಮ್ಮೆಜಮಾನ್ರದಲ್ಲ.” ಆಮೇಲೆ, “ಅಲ್ವೇ, ಹಬ್ಬಕ್ಕೆ ರಜಾ ಕೇಳ್ದೋಳೂ ನೀನೇ, ಮೆಷಿನ್ ಇಟ್ಟೋಳೂ ನೀನೇ. ಈಗ ಹೋಗಿ, ನಮ್ ಮಕ್ಳು ಅವತ್ತು ಬಂದಿರ್ಲಿಲ್ಲ, ಅದಕ್ಕೇ ಲೆಕ್ಕ ತಪ್ತು ಅಂದ್ರೆ, ಮುಂದಿನ್ ವರ್ಷ ನಮ್ಗೆ ದೀಪಾವಳೀನೂ ಇಲ್ಲ. ಇಂಡಿಯನ್ಸು ರಜಾ ಹಾಕಿ ಇಡೀ ಕ್ಲಾಸನ್ನ ಮನೇಲಿ ಕೂರ್ಸಿದ್ರು ಅಂತಾರೆ.”

ಉಮಾವತಿ ಇದನ್ನು ಯೋಚಿಸಿರಲಿಲ್ಲ. ಯೋಚಿಸಿದಾಗ ಅದು ನಿಜವೇ ಅನ್ನಿಸಿತು. ಶಾಲೆಯ ಗೇಟಿನ ಹತ್ತಿರ ಹಾಗೆ ಅನ್ನುವ ಒಂದಿಬ್ಬರ ಮುಖವೂ ಅವಳಿಗೆ ಗೊತ್ತಿತ್ತು.

“ಸಾತ್ವಿಕ್ ಮಧ್ಯಾಹ್ನ ತಲೆನೋವು ಅಂತಾನಲ್ಲ,” ಎಂದಳು ಮೆಲ್ಲಗೆ.

“ಸ್ಕ್ರೀನ್ ನೋಡಿ ನೋಡಿ ಅದು.”

“ಇರ್ಬಹುದು. ಗಾನವಿಗೂ ಬರ್ತದೆ. ಗುರುವಾರ, ಶುಕ್ರವಾರ ಬರ್ತದೆ, ಶನಿವಾರ ಇಲ್ಲ. ಶನಿವಾರವೇ ಅವಳು ಸ್ಕ್ರೀನ್ ನೋಡುವುದು ಹೆಚ್ಚು.”

ನಾಗಮಣಿ ನಿಂತಳು. ಕಾಲುವೆಯಲ್ಲಿ ಒಂದು ದೋಣಿ ನಿಧಾನಕ್ಕೆ ಹೋಗುತ್ತಿತ್ತು. ಅದು ಕಣ್ಮರೆಯಾಗುವವರೆಗೆ ನೋಡಿದಳು. “ನಿನ್ ಜೊತೆ ವಾದ ಮಾಡೋಕೆ ನಂಗೆ ಶಕ್ತಿ ಇಲ್ಲ,” ಎಂದಳು. “ಏನಾದ್ರೂ ಮಾಡ್ಕೋ. ಆದ್ರೆ ನಾನ್ ಸರಿ ಅಂದೆ ಅಂತ ಮಾತ್ರ ಯಾರ್ಗೂ ಹೇಳ್ಬೇಡ.”

ಶುಕ್ರವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಉಮಾವತಿ ವಿಲ್ಲೆಮೈನಳ ಕೋಣೆಯ ಬಾಗಿಲು ತಟ್ಟಿದಳು. ಮಂಡಳಿಗೆ ಬರೆದ ಪತ್ರ ಕೈಯಲ್ಲಿತ್ತು. ಮೊದಲ ಕರಡಿನಲ್ಲಿ ಹಬ್ಬದ ವಿಚಾರ ವಿವರವಾಗಿತ್ತು, ಎರಡನೆಯದರಲ್ಲಿ ಇರಲೇ ಇಲ್ಲ, ಮೂರನೆಯದರಲ್ಲಿ ಒಂದು ವಾಕ್ಯ ಉಳಿದಿತ್ತು. ಪತ್ರದ ಉಳಿದ ಮಾತು ಇಷ್ಟು: ಅಂದು ಕೋಣೆಯಲ್ಲಿದ್ದದ್ದು ಹದಿನಾರು ಮಕ್ಕಳು. ಇಪ್ಪತ್ತಾರು ಎಂದು ಎಣಿಸದೆ ಬರೆದವಳು ನಾನು. ಅಂಕಿಯನ್ನು ಪಟ್ಟಿಯಿಂದ ತೆಗೆದು ಮತ್ತೆ ಅಳೆಯಲು ಅವಕಾಶ ಕೊಡಬೇಕು. ಮಂಡಳಿ ಪಟ್ಟಿಗೆ ಕೊನೆಯ ಸಹಿ ಹಾಕುವುದು ಮುಂದಿನ ಶುಕ್ರವಾರ, ಜನವರಿ 21ಕ್ಕೆ.

ವಿಲ್ಲೆಮೈನ್ ಪತ್ರವನ್ನು ಓದಿದಳು. ಮೇಜಿನ ಮೇಲೆ ಅರ್ಧ ತಿಂದ ಬ್ರೆಡ್ಡು ಅದರ ಡಬ್ಬಿಯಲ್ಲೇ ಒಣಗಿತ್ತು. ಬಹುಶಃ ಬೈಯುತ್ತಾಳೆ, ಬೈದರೆ ಒಳ್ಳೆಯದು ಎಂದು ಉಮಾವತಿ ಕಾಯುತ್ತ ನಿಂತಳು.

“ಹನ್ನೊಂದು ರಜೆಗೆ ಸಹಿ ಹಾಕಿದ್ದು ನಾನು,” ಎಂದಳು ವಿಲ್ಲೆಮೈನ್ ಕೊನೆಗೆ. “ಯಂತ್ರ ಆ ದಿನ ಬರಲಿ ಎಂದು ಒಪ್ಪಿದ್ದೂ ನಾನು. ಎರಡೂ ನನ್ನ ಕ್ಯಾಲೆಂಡರಿನ ಒಂದೇ ಚೌಕದಲ್ಲಿವೆ, ಉಮಾ.” ಗೋಡೆಯ ಕ್ಯಾಲೆಂಡರಿನ ಕಡೆ ನೋಡಲಿಲ್ಲ, ಅದು ಆಗಲೇ ಹೊಸ ವರ್ಷದ್ದು.

ಆಮೇಲೆ ಅವಳು ಲೆಕ್ಕ ಹೇಳತೊಡಗಿದಳು. ಅರ್ಧ ಗುಂಪೆಂದರೆ ಮನೆಯಲ್ಲುಳಿಯುವ ಅರ್ಧಕ್ಕೆ ದಿನಾ ಕೆಲಸ ಸಿದ್ಧಮಾಡಿ ಕೊಡಲು ಇನ್ನೊಬ್ಬ ಶಿಕ್ಷಕಿ ಬೇಕು. ಇರುವವರೇ ಸಾಲುತ್ತಿಲ್ಲ. ಮಾರ್ಚಿನಲ್ಲಿ ತಪಾಸಣೆ. ಓದಿನಲ್ಲಿ ಹಿಂದಿರುವ ಗುಂಪನ್ನೇ ದಿನ ಬಿಟ್ಟು ದಿನ ಮನೆಯಲ್ಲಿ ಉಳಿಸಿದ ಶಾಲೆ ಎಂದು ಬರೆದುಕೊಂಡು ಹೋಗುತ್ತಾರೆ. ಎಲ್ಲವನ್ನೂ ಹೇಳಿ, ಹೇಳಿದ್ದರಿಂದ ಏನೂ ಬದಲಾಗಲಿಲ್ಲ ಎಂದು ತನಗೇ ಗೊತ್ತಾದವಳಂತೆ ನಿಲ್ಲಿಸಿದಳು. ಪತ್ರದ ಕೆಳಗೆ, ಉಮಾವತಿಯ ಸಹಿಯ ಪಕ್ಕದಲ್ಲಿ ತನ್ನದೂ ಹಾಕಿದಳು. ರಜೆಯ ವಾಕ್ಯವನ್ನು ಮಾತ್ರ ಪೆನ್ನಿನಿಂದ ತಿದ್ದಿದಳು. ‘ಶಾಲೆಯೇ ಅನುಮತಿಸಿದ ರಜೆ’ ಎಂದಾಯಿತು ಅದು.

ಮಂಡಳಿಯಿಂದ ಸೋಮವಾರ ಎರಡು ಸಾಲಿನ ಉತ್ತರ ಬಂತು. ಗುರುವಾರದೊಳಗೆ ಹೊಸ ಅಳತೆ ತಲುಪಬೇಕು, ಗುಂಪಿನ ಹತ್ತರಲ್ಲಿ ಒಂಬತ್ತು ಪಾಲು ಮಕ್ಕಳಾದರೂ ಹಾಜರಿರಬೇಕು, ಇಲ್ಲವಾದರೆ ಹಳೆಯದೇ ಉಳಿಯುತ್ತದೆ. ಇಪ್ಪತ್ತೇಳರಲ್ಲಿ ಇಪ್ಪತ್ತೈದು. ನವೆಂಬರಿನಲ್ಲಿ ಅದು ಸುಲಭ. ಜನವರಿಯಲ್ಲಿ ಒಮಿಕ್ರಾನ್ ಮನೆಮನೆಗೂ ನುಗ್ಗುತ್ತಿತ್ತು. ಮಂಗಳವಾರ ಹಾಜರಿ ಇಪ್ಪತ್ತೆರಡು. ಬುಧವಾರ ಇಪ್ಪತ್ತಮೂರು, ಅಂದು ಕ್ವಾರಂಟೈನ್ ಮುಗಿಯುವ ಮೂವರು ಮರುದಿನ ಬರುವರೆಂದು ಆ ಗುಂಪಿಗೆ ಪಾಠ ಮಾಡುವ ಫೆಮ್ಕ ಟೀಚರ್ ಹೇಳಿ ಕಳಿಸಿದಳು. ಉಮಾವತಿ ಕಂಪನಿಯಲ್ಲಿ ಒಂದು ದಿನದ ರಜೆ ಕೇಳಿದಳು. ಹಬ್ಬವೇ ಎಂದು ಮೇಲಿನವರು ಕೇಳಿದರು. ಅಲ್ಲ ಎಂದಳು.

ಗುರುವಾರ ಬೆಳಿಗ್ಗೆ ಗಾನವಿ ತಿಂಡಿಯ ಹೊತ್ತಿಗೆ ಎರಡು ಸಲ ಸೀನಿದಳು. ದಿವಾಕರ ಉಮಾವತಿಯ ಮುಖ ನೋಡಿದ, ಉಮಾವತಿ ತಟ್ಟೆ ನೋಡಿದಳು. ಇವಳನ್ನು ಮನೆಯಲ್ಲಿ ಉಳಿಸಿ, ಇನ್ನೊಂದು ಮಗುವೂ ಬಾರದಿದ್ದರೆ ಸಂಖ್ಯೆ ಇಪ್ಪತ್ತೈದರ ಕೆಳಗಿಳಿಯುತ್ತದೆ, ಮತ್ತೆ ಯಾರನ್ನೂ ದೂರುವಂತಿಲ್ಲ. ಆ ಯೋಚನೆ ಎಷ್ಟು ಹಗುರವಾಗಿ, ಎಷ್ಟು ಒಪ್ಪವಾಗಿ ಬಂತೆಂದರೆ ಅವಳಿಗೇ ನಾಚಿಕೆಯಾಯಿತು. ಎದ್ದು ಪರೀಕ್ಷೆಯ ಕಿಟ್ ತಂದು ಮಗಳ ಮೂಗಿಗೆ ಕಡ್ಡಿ ಹಾಕಿ, ಹದಿನೈದು ನಿಮಿಷ ಗಡಿಯಾರ ನೋಡುತ್ತ ಕೂತಳು. ಒಂದೇ ಗೆರೆ, ಸೋಂಕಿಲ್ಲ.

“ಅಮ್ಮ, ನೀನು ಕ್ಲಾಸಲ್ಲಿ ನಂಗೆ ಹಾಯ್ ಮಾಡ್ಬಾರ್ದು, ಓಕೆ?” ಎಂದಳು ಗಾನವಿ ಬೂಟು ಹಾಕಿಕೊಳ್ಳುತ್ತ.

“ಮಾಡುವುದಿಲ್ಲ.”

“ಮತ್ತೆ ನನ್ ಹಿಂದೆ ಕೂತ್ಕೋಬಾರ್ದು.”

ಅದಕ್ಕೂ ಒಪ್ಪಿದಳು.

ಮಂಡಳಿಯಿಂದ ಮತ್ತೆ ತರಿಸಿದ್ದ ಯಂತ್ರವನ್ನು ಅದೇ ಕಪಾಟಿನ ಮೇಲೆ, ಅದೇ ಎತ್ತರದಲ್ಲಿಟ್ಟಳು. ಈ ಸಲ ಓಣಿಯ ಬೆಂಚಿಗೆ ಹೋಗಲಿಲ್ಲ. ಬಾಗಿಲಲ್ಲಿ ನಿಂತು ಒಳಬರುವ ಒಂದೊಂದು ತಲೆಯನ್ನೂ ಎಣಿಸಿ, ಕೊನೆಗೆ ತಾನೂ ಒಂದು ಚಿಕ್ಕ ಕುರ್ಚಿಯನ್ನು ಎಳೆದುಕೊಂಡು, ಗಾನವಿಗೆ ದೂರದ ಮೂಲೆಯಲ್ಲಿ ಕೂತಳು. ತನ್ನ ಉಸಿರು ಸೇರುವುದಾದರೆ ಸೇರಲಿ, ಅದನ್ನೂ ಬರೆದರಾಯಿತು. ಮೇಜಿನ ಮೇಲೆ ಉಳಿದ ಕುರ್ಚಿ ಒಂದೇ. ನಮೂನೆಯಲ್ಲಿ ಮೊದಲು ಬರೆದದ್ದು ಅದನ್ನೇ: ಮಕ್ಕಳು 26, ದೊಡ್ಡವರು 2, ಕಿಟಕಿ ಮೂರರಲ್ಲಿ ಒಂದು ನಾಲ್ಕು ಬೆರಳು ತೆರೆದಿದೆ, ಹೊರಗೆ ನಾಲ್ಕು ಡಿಗ್ರಿ. ಅದೇ ಸಂಖ್ಯೆ. ಈ ಸಲ ಎಣಿಸಿದ್ದು.

ಮಕ್ಕಳು ಓದತೊಡಗಿದರು. ಕಿಟಕಿಯ ಪಕ್ಕದ ಹುಡುಗಿ ಕೋಟು ಹಾಕಿಕೊಂಡೇ ಕೂತಿದ್ದಳು. ಒಂಬತ್ತಕ್ಕೆ 930. ಒಂಬತ್ತೂವರೆಗೆ ಸಾತ್ವಿಕ್ ಪುಸ್ತಕದ ಮೇಲೆ ಗಲ್ಲವಿಟ್ಟು ಒಂದೇ ಸಾಲಿನ ಮೇಲೆ ಬೆರಳನ್ನು ಹಿಂದಕ್ಕೂ ಮುಂದಕ್ಕೂ ಓಡಿಸುತ್ತಿದ್ದ. ಅವನಿಗೆ ಓದು ಬಾರದೆಂದಲ್ಲ; ಅವನು ಮನೆಯಲ್ಲಿ ಮೂರು ಭಾಷೆ ಓದುವುದನ್ನು ಉಮಾವತಿಯೇ ಕಂಡಿದ್ದಳು. ಗಾಳಿಯಿಂದಲೇ ಹೀಗೆ ಎಂದು ಹೇಳಲು ಅವಳ ಬಳಿ ಪುರಾವೆಯಿರಲಿಲ್ಲ. ಇಷ್ಟು ದಿನ ಅದಕ್ಕೆ ಅಳತೆಯೇ ಇರಲಿಲ್ಲ.

ಅಂಕಿ 1,190 ಆದಾಗ ಫೆಮ್ಕ ಟೀಚರ್ ಮೇಜುಗಳ ನಡುವೆ ನಡೆಯುತ್ತ ಬಂದು ಯಂತ್ರದತ್ತ ಬಾಗಿ ನೋಡಿದಳು. ಇಪ್ಪತ್ತೇಳು ಮಕ್ಕಳನ್ನು ಎರಡು ಭಾಗ ಮಾಡಿ ಎರಡು ಪಟ್ಟು ಪಾಠ ಸಿದ್ಧಮಾಡಬೇಕಾದವಳು ಅವಳೇ. ಕಿಟಕಿಯ ಹಿಡಿಯ ಮೇಲೆ ಕೈಯಿಟ್ಟು, ದನಿ ತಗ್ಗಿಸಿ ಕೇಳಿದಳು: “ಪೂರ್ತಿ ತೆರೆಯಲೇ?”

ತೆರೆದರೆ ಹತ್ತು ನಿಮಿಷದಲ್ಲಿ ಅಂಕಿ ಸಾವಿರಕ್ಕೆ ಇಳಿಯುತ್ತದೆ. ಹೊಸ ಸಹಿ, ಹೊಸ ಹಸಿರು ಬಣ್ಣ. ನಾಗಮಣಿಯ ಕೆಲಸ ಉಳಿಯುತ್ತದೆ, ಹಬ್ಬ ಉಳಿಯುತ್ತದೆ, ದಿವಾಕರ ಏನೂ ಕೇಳುವುದಿಲ್ಲ. ಉಮಾವತಿಗೆ ಆ ಕ್ಷಣ ಬೇಕೆನಿಸಿದ್ದು ನಿದ್ದೆಯೊಂದೇ.

“ದಿನಾ ಈ ಹೊತ್ತಿಗೆ ತೆರೆಯುತ್ತೀರಾ?” ಎಂದು ಕೇಳಿದಳು.

ಫೆಮ್ಕ ಕೋಟು ಹಾಕಿದ್ದ ಹುಡುಗಿಯನ್ನು ನೋಡಿದಳು. “ಇಲ್ಲ,” ಎಂದಳು. “ಚಳಿ.” ಹಿಡಿಯಿಂದ ಕೈ ತೆಗೆದು, ಸಾತ್ವಿಕನ ಪಕ್ಕ ಮೊಣಕಾಲೂರಿ ಕೂತು, ಅವನ ಬೆರಳನ್ನು ಮುಂದಿನ ಸಾಲಿಗೆ ಸರಿಸಿದಳು.

ಹತ್ತೂ ಕಾಲಿಗೆ ಗಂಟೆ ಹೊಡೆಯಿತು. ಮಕ್ಕಳು ಏಳುವ ಮೊದಲೇ ಉಮಾವತಿ ಎದ್ದು ಕಪಾಟಿನ ಹತ್ತಿರ ಹೋಗಿ, ಓದಿ, ಮತ್ತೊಮ್ಮೆ ಓದಿ, ಬರೆದಳು: 1,448 ಪಿಪಿಎಂ.